ಕೊಟ್ಟದ್ದು ಉಳಿಯಬೇಕಾದರೆ

ಮೇ 31 ಬಂತೆಂದರೆ ಕರ್ನಾಟಕದ ಸರ್ಕಾರಿ ಶಾಲೆ, ಕಚೇರಿಗಳಲ್ಲಿ ಬೀಳ್ಕೊಡುಗೆಯ ಸುಗ್ಗಿ. ಐವತ್ತೈದು ವರ್ಷದ ಹಿಂದೆ ಮಗನ ಕೈ ಹಿಡಿದು ಶಾಲೆಗೆ ಬಂದ ರೈತನಿಗೆ ಹುಟ್ಟಿದ ತಾರೀಖು ನೆನಪಿರಲಿಲ್ಲ. ಹೆಡ್‌ಮಾಸ್ಟರು ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಕೊಂಡರು. ಹಾಗೆ ಕಾಗದದ ಮೇಲೆ ಒಂದೇ ದಿನ ಹುಟ್ಟಿದವರೆಲ್ಲ 60 ತುಂಬುವ ಹೊತ್ತಿಗೆ ಮೇ ತಿಂಗಳ ಕೊನೆಯ ದಿನ ಒಟ್ಟಿಗೆ ನಿವೃತ್ತರಾಗುತ್ತಾರೆ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಶಾಲೆಗಳಲ್ಲೂ ಅಂದು ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಗ್ರಾಚ್ಯುಟಿ, ಕಮ್ಯುಟೇಶನ್, ಗಳಿಕೆ ರಜೆಯ ಹಣ, ಕೆಜಿಐಡಿ ಎಲ್ಲ ಸೇರಿ ಬದುಕಿನಲ್ಲಿ ಹಿಂದೆಂದೂ ಕಾಣದಷ್ಟು ದೊಡ್ಡ ಮೊತ್ತ ಖಾತೆಗೆ ಬಂದು ಬೀಳುತ್ತದೆ.

ಹಾಸನದಲ್ಲಿ ಸೈಟು, ಮಗಳ ಮದುವೆಯ ಸಾಲ, ಮೊಮ್ಮಕ್ಕಳ ಹೆಸರಿಗೊಂದು ಠೇವಣಿ. ಇವೆಲ್ಲದರ ಲೆಕ್ಕ ಮುಗಿದ ಮೇಲೂ ಅನೇಕರ ಮನಸ್ಸಿನಲ್ಲಿ ಇನ್ನೊಂದು ಆಸೆ ಉಳಿದಿರುತ್ತದೆ. ತಾನು ಓದಿದ ಶಾಲೆಗೊಂದು ಕೊಠಡಿ ಕಟ್ಟಿಸಬೇಕು. ತಾಯಿಯ ಹೆಸರಿನಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದ ಹುಡುಗಿಗೆ ಪ್ರತಿವರ್ಷ ಬಹುಮಾನ ಹೋಗಬೇಕು. ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೈಲಾದದ್ದು ಸೇರಬೇಕು. ಕೊಡುವ ಮನಸ್ಸಿಗೆ ಈ ಸೀಮೆಯಲ್ಲಿ ಎಂದೂ ಬರ ಬಂದಿಲ್ಲ. ಕೊಟ್ಟದ್ದು ಇಪ್ಪತ್ತು ವರ್ಷದ ಮೇಲೂ ಕೊಟ್ಟ ಉದ್ದೇಶಕ್ಕೇ ನಡೆಯುತ್ತಿದೆಯೇ ಎಂದು ಕೇಳಿದರೆ ಮಾತ್ರ ಬಹಳಷ್ಟು ಕಡೆ ಉತ್ತರ ನಿರಾಶೆ ಹುಟ್ಟಿಸುತ್ತದೆ. ದಾನ ಕೊಟ್ಟವರ ಹೆಸರಿನ ಕಲ್ಲು ಗೋಡೆಯಲ್ಲಿರುತ್ತದೆ, ಬಹುಮಾನ ನಿಂತುಹೋಗಿರುತ್ತದೆ. ಜಮೀನು ಕೊಟ್ಟವರನ್ನು ಊರು ನೆನೆಯುತ್ತದೆ, ಪಹಣಿಯಲ್ಲಿ ಶಾಲೆಯ ಹೆಸರೇ ಇರುವುದಿಲ್ಲ.

ಈ ಕೆಲಸವನ್ನು ಹೇಗೆ ಮಾಡಬೇಕೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಂಡೆಗಳ ಮೇಲೆ ಅದನ್ನು ಬರೆದಿಟ್ಟಿದ್ದಾರೆ. ವಿಷ್ಣುವರ್ಧನನ ಪಟ್ಟದರಸಿ ಶಾಂತಲಾದೇವಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಕಟ್ಟಡ ಮುಗಿಯಿತೆಂದು ಅಲ್ಲಿಗೇ ಬಿಡಲಿಲ್ಲ, ಅದರ ಪೂಜೆಗೆ, ಋಷಿಗಳ ಆಹಾರಕ್ಕೆ ಆದಾಯ ಬರುವಂತೆ ಒಂದು ಹಳ್ಳಿಯನ್ನೇ ಬಿಟ್ಟಳು. 1181ರಲ್ಲಿ ಎರಡನೇ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ ಅಕ್ಕನ ಬಸದಿಯನ್ನು ಕಟ್ಟಿಸಿದಾಗಲೂ ರಾಜನಿಂದ ಬಮ್ಮೆಯನಹಳ್ಳಿ ದತ್ತಿಯಾಗಿ ಬಂತು. ಕಟ್ಟುವ ಖರ್ಚು ಬೇರೆ, ನಡೆಸುವ ಖರ್ಚು ಬೇರೆ ಎಂಬುದು ಆ ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು. ಇಂದು ಸಮುದಾಯ ಭವನ ಕಟ್ಟಿಸಿ, ಕರೆಂಟ್ ಬಿಲ್ಲಿಗೆ ದಿಕ್ಕಿಲ್ಲದೆ ಬೀಗ ಹಾಕುವ ಊರುಗಳು ಇದನ್ನು ಗಮನಿಸಬೇಕು.

ಎಲ್ಲಕ್ಕಿಂತ ಜಾಣತನದ ಕೆಲಸ ಹುಳ್ಳನದು. ಒಂದನೇ ನರಸಿಂಹನ ಭಂಡಾರಿಯಾಗಿದ್ದ ಈತ ಭಂಡಾರಿ ಬಸದಿಯನ್ನು ಕಟ್ಟಿಸಿದ. 1159ರಲ್ಲಿ ಅಲ್ಲಿಗೆ ಬಂದ ರಾಜ ಬಸದಿಗೆ ಸವಣೇರು ಎಂಬ ಊರನ್ನು ಬಿಟ್ಟುಕೊಟ್ಟ. ರಾಜ ತೀರಿಹೋಗಿ ಮಗ ಬಲ್ಲಾಳ ಪಟ್ಟಕ್ಕೆ ಬಂದ ಮೇಲೆ, ತಂದೆ ಕೊಟ್ಟ ಸವಣೇರನ್ನು ಮಗನಿಂದ ಮತ್ತೊಮ್ಮೆ ಸ್ಥಿರಪಡಿಸಿಕೊಂಡು, ಜೊತೆಗೆ ಬೆಕ್ಕ ಮತ್ತು ಕಗ್ಗೆರೆಯನ್ನೂ ಬಿಡಿಸಿಕೊಂಡ ಹುಳ್ಳ. ಕೊಟ್ಟವನ ಮಾತು ಕೊಟ್ಟವನ ಕಾಲಕ್ಕೇ ಮುಗಿಯಬಾರದು, ವಾರಸುದಾರನೂ ತನ್ನ ಬಾಯಲ್ಲಿ ಒಪ್ಪಿಕೊಳ್ಳಬೇಕು ಎಂಬ ಎಚ್ಚರ ಅವನಲ್ಲಿತ್ತು. ಇಂದು ಮಕ್ಕಳಿಗೆ ಹೇಳದೆ ದಾನದ ಮಾತು ಕೊಟ್ಟು ಕಣ್ಣು ಮುಚ್ಚುವ ಹಿರಿಯರ ಮನೆಗಳಲ್ಲಿ ಆಮೇಲೆ ಏನಾಗುತ್ತದೆಂದು ಕೋರ್ಟಿನ ಕಡತಗಳು ಹೇಳುತ್ತವೆ.

ದೊಡ್ಡವರ ದಾನ ಮಾತ್ರ ಕಲ್ಲಿಗೇರಿತೆಂದಲ್ಲ. ಗೊಮ್ಮಟನ ನಿತ್ಯಾಭಿಷೇಕದ ಹಾಲಿಗೆಂದು ಸಾಮಾನ್ಯ ಗೃಹಸ್ಥರು ಕೆಲವೇ ಗದ್ಯಾಣಗಳನ್ನು ಇಟ್ಟ ದಾಖಲೆಗಳು 13ನೇ ಶತಮಾನದ ಶಾಸನಗಳಲ್ಲಿವೆ. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಹಾಲು ನಡೆಸಬೇಕೆಂಬುದೇ ಅವುಗಳ ಏರ್ಪಾಡು. ಕೊಟ್ಟವರು ಯಾರು, ಕೊಟ್ಟದ್ದು ಎಷ್ಟು, ಯಾತಕ್ಕೆ, ಯಾರ ಹೊಣೆ ಎಂಬುದೆಲ್ಲ ಕೆಲವೇ ಸಾಲುಗಳಲ್ಲಿ ಅಡಕವಾಗಿದೆ. ಇಂದಿನ ದತ್ತಿಪತ್ರದಲ್ಲಿ ಇರಬೇಕಾದ್ದೂ ಇಷ್ಟೇ. ದಾನದ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂಬ ಶಾಪ ಈ ಶಾಸನಗಳ ಕೊನೆಯಲ್ಲಿ ಪದೇ ಪದೇ ಬರುತ್ತದೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ದೊಡ್ಡದೆಂಬ ಮಾತೂ ಅದರ ಜೊತೆಗೇ ಬರುತ್ತದೆ.

ಶಾಪವೂ ತಡೆಯಲಾಗದ ಬದಲಾವಣೆಗಳು ಬಂದವು. ದೇವಸ್ಥಾನ, ಬಸದಿ, ಛತ್ರಗಳಿಗೆ ಬಿಟ್ಟಿದ್ದ ಇನಾಂ ಜಮೀನುಗಳು ಮೈಸೂರಿನ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದಿಯಾತಿ ಕಾಯ್ದೆಯಿಂದ ಸರ್ಕಾರಕ್ಕೆ ಸೇರಿದವು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ದೇವಸ್ಥಾನಕ್ಕೆ ಬದಲಿಗೆ ಬಂದದ್ದು ವರ್ಷಕ್ಕಿಷ್ಟೆಂದು ಗೊತ್ತುಮಾಡಿದ ತಸ್ತೀಕು. ಭೂಮಿಯ ಬೆಲೆ ಏರುತ್ತ ಹೋಯಿತು, ತಸ್ತೀಕು ಬೆಲೆಯೇರಿಕೆಯ ಹಿಂದೆ ಕುಂಟುತ್ತ ಬಂತು. ಮಲೆನಾಡಿನ ಅಂಚಿನ ಎಷ್ಟೋ ಗುಡಿಗಳಲ್ಲಿ ಅರ್ಚಕರು ಎಣ್ಣೆಬತ್ತಿಯ ಖರ್ಚನ್ನು ಕೈಯಿಂದಲೇ ಹಾಕುತ್ತಿದ್ದ ಕಾಲ ಅದು. ನೂರು ವರ್ಷದ ಉದ್ದೇಶಕ್ಕೆ ಹಣ ಇಡುವವರು ಕಾನೂನೂ ಬದಲಾಗುತ್ತದೆ, ರೂಪಾಯಿಯೂ ಬದಲಾಗುತ್ತದೆ ಎಂಬುದನ್ನು ನೆನಪಿಟ್ಟೇ ಬರೆಯಬೇಕಾಗುತ್ತದೆ.

ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ಹೇಮಾವತಿಗಳ ನಡುವಿನ ಈ ತಂಬಾಕು, ಆಲೂಗಡ್ಡೆ, ಮುಸುಕಿನ ಜೋಳದ ನೆಲದಲ್ಲಿ, ನಿವೃತ್ತರ ಹತ್ತಿರ ಹಣಕ್ಕಿಂತ ಹೆಚ್ಚಾಗಿ ಇರುವುದು ಜಮೀನು. ಆದ್ದರಿಂದ ಮೊದಲು ಜಮೀನಿನ ಮಾತು.

ರಾಜ್ಯದ ಹಳ್ಳಿ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಗೆ ಜಾಗ ಬಂದದ್ದು ಊರಿನ ಯಾರೋ ಒಬ್ಬರು ಜಗಲಿಯ ಮೇಲೆ ಕೂತು ಕೊಟ್ಟ ಮಾತಿನಿಂದ. 'ಮಕ್ಕಳು ಓದಲಿ, ಕಟ್ಟಿಕೊಳ್ಳಿ' ಎಂದರು, ಊರವರು ಕಟ್ಟಿಕೊಂಡರು. ಪತ್ರವಾಗಲಿಲ್ಲ, ಖಾತೆ ಬದಲಾಗಲಿಲ್ಲ. ಎರಡು ತಲೆಮಾರು ಕಳೆದು ಜಮೀನಿಗೆ ಸೈಟಿನ ಬೆಲೆ ಬಂದಾಗ ಮೊಮ್ಮಕ್ಕಳು ಪಹಣಿ ಹಿಡಿದುಕೊಂಡು ಬರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಅಜ್ಜ ಕೊಟ್ಟದ್ದು ಅವರಿಗೆ ಗೊತ್ತೇ ಇಲ್ಲ, ಕಾಗದವೂ ಅವರ ಪರವಾಗಿಯೇ ಇದೆ. ಸತ್ತವರ ಹೆಸರಿನಲ್ಲೇ ಉಳಿದ ಲಕ್ಷಗಟ್ಟಲೆ ಜಮೀನುಗಳನ್ನು ವಾರಸುದಾರರ ಹೆಸರಿಗೆ ತರಲು ಕಂದಾಯ ಇಲಾಖೆ ಈಗ ಇ-ಪೌತಿ ಖಾತೆಯ ಆಂದೋಲನ ನಡೆಸುತ್ತಿದೆ. ಬಾಯಿಮಾತಿನ ದಾನವನ್ನು ಕಾಗದಕ್ಕಿಳಿಸಲು ಊರುಗಳಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಒಮ್ಮೆ ಪೌತಿಯಾಗಿ ನಾಲ್ಕು ಮಕ್ಕಳಿಗೆ ಹಂಚಿಹೋದರೆ ನಾಲ್ವರ ಒಪ್ಪಿಗೆ ಬೇಕಾಗುತ್ತದೆ.

ಜಮೀನು ಕೊಡುವ ಗುಂಡಿಗೆ ಸಿರಿವಂತರಿಗೆ ಮಾತ್ರ ಇರುತ್ತದೆಂದಲ್ಲ. ಕೊಪ್ಪಳ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮ ತನಗಿದ್ದ ಎರಡು ಎಕರೆಯನ್ನು ಶಾಲೆಗೆ ಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿಕೊಂಡಿದ್ದವರು. ಸ್ವಂತ ಮಕ್ಕಳಿಲ್ಲದ ಆಕೆಯನ್ನು ಶಾಲೆಯ ಮಕ್ಕಳೆಲ್ಲ ಅಜ್ಜಿ ಎಂದರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು.

ಬದುಕಿರುವಾಗಲೇ ಜಮೀನು ಅಥವಾ ಮನೆ ಕೊಡುವುದಾದರೆ ದಾನಪತ್ರ ಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ದಾನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು, ಇಬ್ಬರು ಸಾಕ್ಷಿ ಹಾಕಬೇಕು, ದಾನಿ ಬದುಕಿರುವಾಗಲೇ ಪಡೆಯುವವರು ಅದನ್ನು ಒಪ್ಪಿಕೊಂಡಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ದಾನ ನಿಲ್ಲುವುದಿಲ್ಲ. ನೋಂದಣಿಯಾದ ಮೇಲೆ ಖಾತೆ ಬದಲಾವಣೆ ಆಗಿದೆಯೇ ಎಂದು ಪಹಣಿ ತೆಗೆಸಿ ನೋಡುವವರೆಗೂ ಕೆಲಸ ಮುಗಿಯಿತೆಂದುಕೊಳ್ಳಬಾರದು. ಪಿತ್ರಾರ್ಜಿತ ಜಮೀನು ಇನ್ನೂ ಪಾಲಾಗದಿದ್ದರೆ ತನ್ನದೆಂದುಕೊಂಡ ಭಾಗವನ್ನು ಒಬ್ಬರೇ ದಾನ ಬರೆದುಕೊಡಲಾಗದು, ಮೊದಲು ವಿಭಾಗಪತ್ರವಾಗಬೇಕು. ದರಖಾಸ್ತಿನಲ್ಲಿ ಮಂಜೂರಾದ ಜಮೀನಿಗೆ ಮಂಜೂರಾತಿಯ ಷರತ್ತುಗಳಿರುತ್ತವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಪತ್ರಬರಹಗಾರರ ಹತ್ತಿರ ಹೋಗುವ ಮುಂಚೆ ಇವಿಷ್ಟನ್ನು ವಕೀಲರಿಗೆ ತೋರಿಸಿದರೆ ದಾನಕ್ಕೂ ಮಾನಕ್ಕೂ ಒಳ್ಳೆಯದು.

ಇದ್ದದ್ದನ್ನೆಲ್ಲ ಬದುಕಿರುವಾಗಲೇ ಬರೆದುಕೊಟ್ಟು, ಮುಪ್ಪಿನಲ್ಲಿ ಔಷಧಿಗೆ ಕೈ ಚಾಚುವ ಸ್ಥಿತಿ ಯಾರಿಗೂ ಬರಬಾರದು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ಹಿಂದಕ್ಕೆ ಕೇಳಬಹುದು. ಆದರೆ ಆ ಬಾಗಿಲು ತಟ್ಟುವ ಹೊತ್ತಿಗೆ ಮನಸ್ಸು ಮುರಿದಿರುತ್ತದೆ. ಸಣ್ಣದನ್ನು ಈಗ ಕೊಟ್ಟು, ದೊಡ್ಡದನ್ನು ಉಯಿಲಿನಲ್ಲಿ ಬರೆದಿಡುವುದೇ ನಿವೃತ್ತರಿಗೆ ಹೆಚ್ಚು ಕ್ಷೇಮ.

ಉಯಿಲಿನ ಮಾತೆತ್ತಿದರೆ ಮನೆಯಲ್ಲಿ 'ಬಿಡ್ತು ಅನ್ನಿ' ಎನ್ನುತ್ತಾರೆ. 'ಈಗ್ಯಾಕೆ ಅಪ್ಪಾಜಿ ಆ ಮಾತು, ಇನ್ನೂ ಗಟ್ಟಿಯಾಗಿದ್ದೀರಲ್ಲ' ಎಂದು ಮಗಳು ಮಾತು ತಿರುಗಿಸುತ್ತಾಳೆ. ಗಟ್ಟಿಯಾಗಿರುವಾಗಲೇ ಬರೆಯಬೇಕು, ಹಾಸಿಗೆ ಹಿಡಿದ ಮೇಲೆ ಬರೆದ ಉಯಿಲಿನ ಮೇಲೇ ಹೆಚ್ಚು ದಾವೆ ಬೀಳುವುದು. ಇದಕ್ಕೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳುವುದು ಬರೆದವರ ಸಹಿ ಮತ್ತು ಆ ಸಹಿ ಕಂಡ ಇಬ್ಬರು ಸಾಕ್ಷಿಗಳನ್ನು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಬಲ. ಒಳಗಿನ ವಿಷಯ ಯಾರಿಗೂ ತಿಳಿಯಬಾರದೆಂದರೆ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಠೇವಣಿ ಇಡಲೂ ಅವಕಾಶವಿದೆ. ಮನಸ್ಸು ಬದಲಾದರೆ ಎಷ್ಟು ಸಲ ಬೇಕಾದರೂ ಹೊಸದಾಗಿ ಬರೆಯಬಹುದು. ಫಲ ಪಡೆಯುವವರನ್ನು, ಅವರು ಟ್ರಸ್ಟಿನ ಅಧ್ಯಕ್ಷರೇ ಆಗಿರಲಿ, ಸಾಕ್ಷಿ ಹಾಕಿಸದಿರುವುದು ಒಳ್ಳೆಯದು.

ಯಾರು ಎಷ್ಟನ್ನು ಉಯಿಲಿನಲ್ಲಿ ಧರ್ಮಕ್ಕೆ ಬಿಡಬಹುದೆಂಬುದು ಎಲ್ಲರಿಗೂ ಒಂದೇ ಅಲ್ಲ. ಹಿಂದೂಗಳು ಸ್ವಯಾರ್ಜಿತವನ್ನು ಪೂರ್ತಿ ಬಿಡಬಹುದು. ಅವಿಭಕ್ತ ಆಸ್ತಿಯಲ್ಲಿನ ತಮ್ಮ ಪಾಲನ್ನೂ ಉಯಿಲಿನ ಮೂಲಕ ಬಿಡಬಹುದು. ಮುಸ್ಲಿಮರ ವಸಿಯ್ಯತ್ತು ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗವನ್ನು ಮೀರುವಂತಿಲ್ಲ. ಹತ್ತಿರದ ಬಂಧುಗಳಿರುವ ಕ್ರೈಸ್ತರು ಧರ್ಮಕಾರ್ಯಕ್ಕೆ ಆಸ್ತಿ ಬಿಡಲು, ಸಾವಿಗೆ 12 ತಿಂಗಳ ಮೊದಲೇ ಉಯಿಲು ಬರೆದಿರಬೇಕೆಂಬ ವಿಚಿತ್ರ ಕಟ್ಟಳೆಯೊಂದು ಉತ್ತರಾಧಿಕಾರ ಕಾಯ್ದೆಯ 118ನೇ ಕಲಮಿನಲ್ಲಿತ್ತು. ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಅದನ್ನು ಪ್ರಶ್ನಿಸಿದರು, ಸುಪ್ರೀಂ ಕೋರ್ಟು 2003ರಲ್ಲಿ ಅದನ್ನು ರದ್ದುಮಾಡಿತು.

ಬ್ಯಾಂಕಿನಲ್ಲಿ ನಾಮಿನಿ ಬರೆಸಿದ್ದೇನಲ್ಲ, ಉಯಿಲು ಯಾಕೆ ಎಂದು ಕೇಳುವವರಿದ್ದಾರೆ. ನಾಮಿನಿ ಹಣವನ್ನು ಪಡೆದುಕೊಳ್ಳುವವನು ಮಾತ್ರ, ಒಡೆಯನಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. 1983ರಲ್ಲಿ ವಿಮೆಯ ಹಣದ ಬಗ್ಗೆ, 2023ರಲ್ಲಿ ಷೇರುಗಳ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪುಗಳಿವೆ. ನಾಮಿನಿಯೂ ಇಲ್ಲ, ಉಯಿಲೂ ಇಲ್ಲ, ಖಾತೆ ಇರುವುದೇ ಮನೆಯವರಿಗೆ ಗೊತ್ತಿಲ್ಲವೆಂದಾದರೆ 10 ವರ್ಷದ ಮೇಲೆ ಆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. 2024ರ ಮಾರ್ಚ್ ಕೊನೆಗೆ ಹಾಗೆ ಯಾರೂ ಕೇಳದೆ ಬಿದ್ದಿದ್ದ ಹಣ 78,213 ಕೋಟಿ ರೂಪಾಯಿ. ಅದರಲ್ಲಿ ಎಷ್ಟು ಶಾಲೆಗಳ ಸೂರು, ಎಷ್ಟು ಮಕ್ಕಳ ಫೀಸು ಅಡಗಿತ್ತೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಉಯಿಲಿನ ಬಲವನ್ನು ಕನ್ನಡ ನಾಡು ಕಂಡದ್ದು ಸಿರಸಂಗಿಯಲ್ಲಿ. 1861ರಲ್ಲಿ ಹುಟ್ಟಿದ ಲಿಂಗರಾಜ ದೇಸಾಯಿ 1906ರಲ್ಲಿ ತೀರಿಕೊಂಡಾಗ ಅವರಿಗೆ 45 ವರ್ಷ. ಸಂಸ್ಥಾನದ ಆದಾಯವೆಲ್ಲ ಸಮಾಜದ ಮಕ್ಕಳ ಓದಿಗೆ ಹೋಗಬೇಕೆಂದು ಅವರು ಬರೆದಿಟ್ಟಿದ್ದರು. ಆ ನಿಧಿಯ ವಿದ್ಯಾರ್ಥಿವೇತನದಿಂದ ಓದಿದವರು ಉತ್ತರ ಕರ್ನಾಟಕದ ತುಂಬ ಹರಡಿದ್ದಾರೆ. 1933ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರೇ ಬಂತು. ಹಳೆಯ ಮೈಸೂರಿನ ಕಡೆ ಗುಬ್ಬಿ ತೋಟದಪ್ಪನವರು ಬದುಕಿರುವಾಗಲೇ ಅದೇ ಕೆಲಸ ಮಾಡಿದರು. ಮಕ್ಕಳಿಲ್ಲದ ಈ ವ್ಯಾಪಾರಿ ಬೆಂಗಳೂರಿನ ರೈಲು ನಿಲ್ದಾಣದ ಎದುರು ಜಾಗ ಕೊಂಡು ಕಟ್ಟಿಸಿದ ಛತ್ರ 1903ರಲ್ಲಿ ಶುರುವಾಯಿತು. ಆಸ್ತಿಯನ್ನೆಲ್ಲ ಟ್ರಸ್ಟಿಗೆ ಬಿಟ್ಟು, ಕೆ.ಪಿ. ಪುಟ್ಟಣ್ಣ ಚೆಟ್ಟಿಯವರಂಥ ದಕ್ಷರ ಕೈಗೆ ಆಡಳಿತವನ್ನು ಒಪ್ಪಿಸಿದರು. ಹಾಸನದಿಂದ ರೈಲಿನಲ್ಲಿ ಹೋಗಿ ಅಲ್ಲಿ ರಾತ್ರಿ ಕಳೆದ ಹಳ್ಳಿಯ ಜನಕ್ಕೆ ಲೆಕ್ಕವುಂಟೇ? ಅದೇ ಕಾಲದ ಎಷ್ಟೋ ಛತ್ರಗಳು ಹಾಳುಬಿದ್ದಿರುವಾಗ ತೋಟದಪ್ಪನವರ ಛತ್ರ ನೂರಿಪ್ಪತ್ತು ವರ್ಷ ದಾಟಿ ನಡೆಯುತ್ತಿದೆ. ಟ್ರಸ್ಟಿನ ರಚನೆ ಗಟ್ಟಿಯಾಗಿತ್ತು, ಅದಕ್ಕೇ ಉಳಿಯಿತು.

ಎಲ್ಲರಲ್ಲೂ ಸಂಸ್ಥಾನವಿರುವುದಿಲ್ಲ. ಪಿಂಚಣಿದಾರರು ಸಾಮಾನ್ಯವಾಗಿ ಇಡುವುದು ದತ್ತಿ. ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ, ತಾಲ್ಲೂಕು ಘಟಕಗಳಲ್ಲಿ ನಡೆಯುವ ದತ್ತಿ ಉಪನ್ಯಾಸಗಳೆಲ್ಲ ಹೀಗೆ ಯಾರೋ ತಂದೆ, ತಾಯಿ, ಗುರುಗಳ ನೆನಪಿಗೆ ಇಟ್ಟ ಹಣದ ಬಡ್ಡಿಯಿಂದ ನಡೆಯುವಂಥವು. ಇಲ್ಲಿ ಒಂದು ಲೆಕ್ಕವನ್ನು ನಿಧಾನವಾಗಿ ನೋಡಬೇಕು. 1990ರ ದಶಕದಲ್ಲಿ ಯಾರಾದರೂ 10 ಸಾವಿರ ರೂಪಾಯಿ ಇಟ್ಟಿದ್ದರೆ, ಶೇ 12ರ ಬಡ್ಡಿಯಲ್ಲಿ ವರ್ಷಕ್ಕೆ 1,200 ಬರುತ್ತಿತ್ತು. ಅಷ್ಟರಲ್ಲಿ ಒಂದು ಸಭೆ, ಹಾರ, ಕಾಫಿ ತಿಂಡಿ, ಭಾಷಣಕಾರರ ಬಸ್ ಚಾರ್ಜು ಎಲ್ಲ ಮುಗಿಯುತ್ತಿತ್ತು. ಇಂದು ಶೇ 6.5ರಂತೆ ಸಿಗುವುದು 650 ರೂಪಾಯಿ. ಚಿನ್ನದ ಪದಕದ ದತ್ತಿಗಳ ಪಾಡು ಇನ್ನೂ ಕಷ್ಟದ್ದು. 1995ರ ಸುಮಾರಿಗೆ 10 ಗ್ರಾಂ ಚಿನ್ನ 5 ಸಾವಿರ ರೂಪಾಯಿಯೊಳಗೆ ಸಿಗುತ್ತಿತ್ತು, 2025ರಲ್ಲಿ ಅದು ಲಕ್ಷ ದಾಟಿತು. ಮಗಳ ನೆನಪಿಗೆ ಪದಕ ಇಟ್ಟ ತಂದೆಯ ಪ್ರೀತಿ ಸ್ವಲ್ಪವೂ ಕರಗಿಲ್ಲ, ಬಡ್ಡಿ ಕರಗಿಹೋಯಿತು.

ಉಪಾಯವಿದೆ, ಅದು ಕಷ್ಟದ್ದೂ ಅಲ್ಲ. ಬಂದ ಬಡ್ಡಿಯನ್ನೆಲ್ಲ ಖರ್ಚುಮಾಡದೆ ಒಂದು ಭಾಗವನ್ನು ಪ್ರತಿವರ್ಷ ಮೂಲಧನಕ್ಕೇ ಸೇರಿಸಬೇಕೆಂದು ದತ್ತಿಪತ್ರದಲ್ಲಿ ಬರೆದುಬಿಡುವುದು. 1 ಲಕ್ಷಕ್ಕೆ 6,500 ಬಡ್ಡಿ ಬಂದರೆ 3,500ರಲ್ಲಿ ಬಹುಮಾನ ಕೊಟ್ಟು 3,000ವನ್ನು ಗಂಟಿಗೆ ಸೇರಿಸಿದರೆ, ಬಡ್ಡಿದರ ಹಾಗೇ ಇದ್ದು ಇದೇ ಪ್ರಮಾಣದಲ್ಲಿ ನಡೆಸಿಕೊಂಡು ಹೋದಾಗ ಸುಮಾರು 24 ವರ್ಷಕ್ಕೆ ಗಂಟು ಎರಡರಷ್ಟಾಗುತ್ತದೆ. 'ಚಿನ್ನದ ಪದಕ' ಎಂದು ಬರೆಯುವ ಬದಲು 'ಪುಸ್ತಕ ಅಥವಾ ಶುಲ್ಕದ ನೆರವು' ಎಂದು ಬರೆದರೆ ಬೆಲೆ ಏರಿದಾಗಲೂ ಕೈಕಟ್ಟುವುದಿಲ್ಲ. ಶಾಲೆಯೇ ಮುಚ್ಚಿಹೋದರೆ ಹಣ ಎಲ್ಲಿಗೆ ಹೋಗಬೇಕೆಂಬುದನ್ನೂ ಬರೆಯಬೇಕು. ಇದು ಅತಿಯಾದ ಮುಂಜಾಗ್ರತೆ ಎನ್ನಿಸಬಹುದು. ಮಕ್ಕಳಿಲ್ಲದೆ ಬಾಗಿಲು ಹಾಕುತ್ತಿರುವ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗಳನ್ನು ಕಂಡವರಿಗೆ ಹಾಗೆನಿಸುವುದಿಲ್ಲ.

ತೆರಿಗೆಯ ವಿಷಯ ಚಿಕ್ಕದು. 80ಜಿ ನೋಂದಣಿಯಿರುವ ಸಂಸ್ಥೆಗೆ ಕೊಟ್ಟ ದಾನಕ್ಕೆ ರಿಯಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೆ ಅದೂ ಇಲ್ಲ. ತೆರಿಗೆ ಉಳಿಯುತ್ತದೆಂದು ದಾನ ಕೊಡುವವರು ಈ ಕಡೆ ಕಡಿಮೆ, ಆದರೂ ಚೆಕ್ಕಿನಲ್ಲೋ ಯುಪಿಐನಲ್ಲೋ ಕೊಟ್ಟು ರಸೀದಿ ಕೇಳಿ ಪಡೆಯುವ ಅಭ್ಯಾಸ ಇಬ್ಬರಿಗೂ ಒಳ್ಳೆಯದು.

ರಸೀದಿಯ ಮಾತು ಬಂದ ಮೇಲೆ ಚಂದಾ ಎತ್ತುವವರಿಗೂ ಒಂದಿಷ್ಟು ಹೇಳಬೇಕು. ಜೀರ್ಣೋದ್ಧಾರ ಸಮಿತಿ, ಹಳೆಯ ವಿದ್ಯಾರ್ಥಿಗಳ ಸಂಘ, ಎಸ್‌ಡಿಎಂಸಿ, ಇವರೆಲ್ಲ ನಿವೃತ್ತರ ಮನೆಗೆ ಬರುವುದು ಕಟ್ಟಡ ಅರ್ಧಕ್ಕೆ ನಿಂತಾಗ. ಕೂತು ಕಾಫಿ ಕುಡಿದು ಒಂದು ಮೊತ್ತ ಬರೆಸಿಕೊಂಡು ಹೋದರೆ, ಆಮೇಲೆ ಮುಖ ತೋರಿಸುವುದು ಉದ್ಘಾಟನೆಯ ಕಾರ್ಡಿನೊಂದಿಗೆ. ನಡುವೆ ಏನಾಯಿತೆಂದು ದಾನಿಗೆ ಯಾರೂ ಹೇಳುವುದಿಲ್ಲ. ಕೊಟ್ಟವರಿಗೆ ಬೇಕಾದದ್ದು ವೇದಿಕೆಯ ಮೇಲಿನ ಕುರ್ಚಿಗಿಂತ ಹೆಚ್ಚಾಗಿ ಪಂಚಾಯಿತಿ ಕಟ್ಟೆಯ ಮೇಲೆ ಅಂಟಿಸಿದ ಒಂದು ಹಾಳೆ ಲೆಕ್ಕ. ಬೆಳಗೊಳದ 1368ರ ಬುಕ್ಕರಾಯನ ಶಾಸನದಲ್ಲಿ ಈ ಶಿಸ್ತು ಕಾಣುತ್ತದೆ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣದಂತೆ ಎತ್ತಿ, ಅದರಲ್ಲಿ ಬೆಳಗೊಳದ ದೇವರ ಅಂಗರಕ್ಷಣೆಗೆ 20 ಆಳುಗಳನ್ನು ಇಡಬೇಕು, ಉಳಿದ ಹಣದಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಬಳಿಸಬೇಕು ಎಂದು ಸ್ಪಷ್ಟವಾಗಿ ಕೊರೆದಿದೆ. ಎತ್ತುವ ಮೊದಲೇ ಖರ್ಚಿನ ಬಾಬ್ತು ಗೊತ್ತಾಗಿತ್ತು. 2018ರ ಮಹಾಮಸ್ತಕಾಭಿಷೇಕದಲ್ಲಿ ಮೊದಲ ಕಲಶ 11.61 ಕೋಟಿ ರೂಪಾಯಿಗೆ ಹೋದಾಗಲೂ ಆ ಹಣ ಆಸ್ಪತ್ರೆಯ ಕೆಲಸಕ್ಕೆಂದು ಕ್ಷೇತ್ರ ಹೇಳಿತ್ತು. ಅದೇ ಬೆಟ್ಟದಲ್ಲಿ ಗೊಮ್ಮಟನೆದುರು ನಿಂತ ಗುಳ್ಳಕಾಯಜ್ಜಿಯ ಕಥೆಯನ್ನು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ರೂಪಾಯಿ ಕೊಟ್ಟವಳಿಗೂ ರಸೀದಿ ಹರಿಯಬೇಕು.

ಹೊಳೆನರಸೀಪುರದಲ್ಲಿ ಇದಕ್ಕೊಂದು ಒಳ್ಳೆಯ ಮಾದರಿಯಿದೆ. ಯಲ್ಲಂಬಳಸೆ ಸುಬ್ಬರಾಯಶರ್ಮರು ಶಾಲಾ ಉಪಾಧ್ಯಾಯರಾಗಿದ್ದವರು. ವೇದಾಂತವನ್ನು ಕನ್ನಡದಲ್ಲಿ ಎಲ್ಲರಿಗೂ ಮುಟ್ಟಿಸಬೇಕೆಂದು 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಬೆಂಗಳೂರಿನಲ್ಲಿ ಸ್ಥಾಪಿಸಿ, 1937ರಲ್ಲಿ ಹೊಳೆನರಸೀಪುರಕ್ಕೆ ತಂದರು. 1948ರಲ್ಲಿ ಸಂನ್ಯಾಸ ಪಡೆದು ಸಚ್ಚಿದಾನಂದೇಂದ್ರ ಸರಸ್ವತಿಗಳಾದ ಮೇಲೂ 1975ರಲ್ಲಿ ದೇಹ ಬಿಡುವವರೆಗೂ ಬರವಣಿಗೆ ನಿಲ್ಲಿಸಲಿಲ್ಲ. ಕಾರ್ಯಾಲಯದ ಪುಸ್ತಕಗಳು ಇಂದಿಗೂ ಬಡ ವಿದ್ಯಾರ್ಥಿಯ ಕೈಗೆಟುಕುವ ಬೆಲೆಗೆ ಸಿಗುತ್ತವೆ. ಒಬ್ಬ ಉಪಾಧ್ಯಾಯನ ಬಳಿ ಇದ್ದದ್ದು ವಿದ್ಯೆ, ಅವರು ಬಿಟ್ಟುಹೋದದ್ದು ಆ ವಿದ್ಯೆಯನ್ನು ಮುದ್ರಿಸಿ ಹಂಚುವ ಏರ್ಪಾಡು. ಗೌರಿಬಿದನೂರು ಕಡೆಯ ಹೊಸೂರಿನ ಎಚ್. ನರಸಿಂಹಯ್ಯನವರೂ ಅಷ್ಟೇ; ಕುಲಪತಿಯಾಗಿದ್ದವರು, ಆದರೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ ಬದುಕಿ, ಹುಟ್ಟೂರಿನ ಕಡೆ ಶಾಲೆಗಳನ್ನು ಬೆಳೆಸಿದರು.

ಅರಕಲಗೂಡು ತಾಲ್ಲೂಕಿನೊಳಗೇ ರುದ್ರಪಟ್ಟಣವಿದೆ. ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರಂಥ ಸಂಗೀತಗಾರರನ್ನು ನಾಡಿಗೆ ಕೊಟ್ಟ ಕಾವೇರಿ ದಡದ ಊರು. ಓದು, ಕಛೇರಿಗಳೆಂದು ಎಲ್ಲರೂ ಬೆಂಗಳೂರು ಮೈಸೂರು ಸೇರಿದ ಮೇಲೆ ಊರಿನಲ್ಲಿ ತಂಬೂರಿಯ ದನಿ ಅಡಗಿತ್ತು. ಆ ಊರಿನವರೇ ಆದ ವಿದ್ವಾನ್ ಆರ್.ಕೆ. ಪದ್ಮನಾಭ ಅಲ್ಲಿ ಸಂಗೀತೋತ್ಸವ ನಡೆಸುತ್ತ, ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತಾ ಧ್ಯಾನ ಮಂದಿರವನ್ನು ಕಟ್ಟಿಸಿದರು. ಊರಿಗೆ ಹಿಂದಿರುಗಿಸುವುದೆಂದರೆ ಶಾಲೆ, ಗುಡಿ ಎರಡೇ ಅಲ್ಲ ಎಂದು ತೋರಿಸಿದ ಕೆಲಸ ಅದು.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಎಸ್.ಎಲ್. ಭೈರಪ್ಪನವರು ಕೇಳಿದ್ದು ನೀರನ್ನು. ಬಡತನದಲ್ಲಿ ತಮ್ಮನ್ನು ಸಾಕಿದ ತಾಯಿ ಗೌರಮ್ಮನವರ ಹೆಸರಿನ ಟ್ರಸ್ಟ್ ಆ ಊರಿನಲ್ಲಿದೆ. ಬತ್ತಿದ ಕೆರೆಗಳನ್ನು ತುಂಬಿಸುವ ಯೋಜನೆಗೆ ಇಳಿವಯಸ್ಸಿನಲ್ಲೂ ಸರ್ಕಾರದ ಬೆನ್ನು ಬಿಡದೆ ಒತ್ತಾಯಿಸಿದರು. 2025ರ ಮಾರ್ಚ್‌ನಲ್ಲಿ ಊರಿಗೆ ಬಂದು ತುಂಬಿದ ಕೆರೆಯನ್ನು ಕಂಡರು. ಅದೇ ವರ್ಷ ಸೆಪ್ಟೆಂಬರ್ 24ರಂದು ತೀರಿಕೊಂಡರು. ಹಣದ ಜೊತೆಗೆ ತಮ್ಮ ಹೆಸರು, ಪ್ರಭಾವ, ಪರಿಚಯಗಳನ್ನೂ ಊರಿಗಾಗಿ ಖರ್ಚುಮಾಡಬಹುದೆಂಬುದನ್ನು ನಿವೃತ್ತ ಅಧಿಕಾರಿಗಳು ಇಲ್ಲಿ ಕಾಣಬಹುದು. ಕಡತ ಎಲ್ಲಿ ನಿಲ್ಲುತ್ತದೆಂದು ಅವರಷ್ಟು ಬಲ್ಲವರು ಯಾರು?

ಏನೂ ಇಲ್ಲದವರಿಗೂ ಬಿಟ್ಟುಹೋಗಲು ಒಂದಿದೆ. ಬೈಲಹೊಂಗಲದ ವೈದ್ಯ ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ವೈದ್ಯಕೀಯ ಕಲಿಕೆಗೆ ಬರೆದಿಟ್ಟಿದ್ದರು. 2010ರ ನವೆಂಬರ್‌ನಲ್ಲಿ ಬೆಳಗಾವಿಯ ಕೆಎಲ್‌ಇ ಆಯುರ್ವೇದ ಕಾಲೇಜಿನಲ್ಲಿ ಅವರ ದೇಹವನ್ನು ವಿದ್ಯಾರ್ಥಿಗಳೆದುರು ಛೇದಿಸಿ ಪಾಠ ಮಾಡಿದವರು ಅಂಗರಚನಾಶಾಸ್ತ್ರದ ಅಧ್ಯಾಪಕರಾಗಿದ್ದ ಅವರ ಮಗ ಡಾ. ಮಹಾಂತೇಶ ರಾಮಣ್ಣವರ. ತಂದೆಯ ಮಾತನ್ನು ಮಗ ಹೀಗೆ ನಡೆಸಿಕೊಟ್ಟದ್ದು ನಾಡನ್ನೇ ಬೆರಗಾಗಿಸಿತು. ಹಾಸನದಲ್ಲಿ 2006ರಿಂದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ, ಅಲ್ಲಿನ ಮಕ್ಕಳಿಗೂ ಕಲಿಯಲು ದೇಹ ಬೇಕು. ಕಣ್ಣಿನ ದಾನವಂತೂ ಸಾವಿನ ನಂತರ ಕೆಲವೇ ಗಂಟೆಗಳಲ್ಲಿ ಆಗಬೇಕಾದ್ದು. ಡಾ. ರಾಜ್‌ಕುಮಾರ್, ಪುನೀತ್ ಇಬ್ಬರ ಮನೆಯವರೂ ಆ ದುಃಖದ ನಡುವೆ ಅದನ್ನು ನಡೆಸಿಕೊಟ್ಟರು. ಬರೆದಿಟ್ಟ ಕಾರ್ಡಿಗಿಂತ ಮನೆಯವರ ಒಪ್ಪಿಗೆಯೇ ಇಲ್ಲಿ ಮುಖ್ಯ. ಆದ್ದರಿಂದ ಮೊದಲು ಹೇಳಬೇಕಾದ್ದು ಹೆಂಡತಿ ಮಕ್ಕಳಿಗೆ.

ಮಕ್ಕಳು ಈಗ ಎಲ್ಲಿದ್ದಾರೆ? ಅರಕಲಗೂಡಿನ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿದ್ದಾರೆ. ಅಪ್ಪ ಶುರುಮಾಡಿದ್ದಕ್ಕೆ ತಾವೂ ಸೇರಿಸಬೇಕೆಂಬ ಮನಸ್ಸು ಅವರಿಗಿದೆ. ಭಾರತದ ಪಾಸ್‌ಪೋರ್ಟ್ ಇನ್ನೂ ಉಳಿಸಿಕೊಂಡ ಮಗ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆಯಾಗುವುದಿಲ್ಲ. ಅಲ್ಲಿನ ಪೌರತ್ವ ಪಡೆದು ಒಸಿಐ ಕಾರ್ಡ್ ಮಾತ್ರ ಇರುವ ಮಗಳು ಕೊಟ್ಟರೆ 2010ರ ವಿದೇಶಿ ವಂತಿಗೆ ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆಯಡಿ ನೋಂದಣಿಯೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆಯೂ ಇಲ್ಲದ ಊರ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ಒಳ್ಳೆಯ ಮನಸ್ಸಿನಿಂದ ಹಣ ಪಡೆದು ತೊಂದರೆಗೆ ಸಿಕ್ಕಿಕೊಳ್ಳುವ ಮೊದಲು ಸಮಿತಿಯವರು ಇದನ್ನು ತಿಳಿದಿರಬೇಕು.

ದೊಡ್ಡ ದಾನಿಗಳು ಬಂದಾಗ ಸಣ್ಣವರ ಕೆಲಸ ಮುಗಿಯುವುದಿಲ್ಲ. ತನ್ನ ಸಂಪತ್ತಿನ ದೊಡ್ಡ ಪಾಲನ್ನು ದಾನಕ್ಕೆ ಬಿಟ್ಟ ಅಜೀಂ ಪ್ರೇಮ್‌ಜಿಯವರ ಪ್ರತಿಷ್ಠಾನ 2024ರಲ್ಲಿ ಸರ್ಕಾರದೊಂದಿಗೆ ಕೈಜೋಡಿಸಿದ್ದರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ಸಿಗುವಂತಾಯಿತು; ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ಯೋಜನೆ. ಮೊಟ್ಟೆ ತಟ್ಟೆಗೆ ಬಂತು. ಅದೇ ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಬೀಗ ರಿಪೇರಿ, ಗ್ರಂಥಾಲಯಕ್ಕೊಂದು ಬೀರು, ಸಂಜೆಯ ಹೊತ್ತು ಗಣಿತ ಹೇಳಿಕೊಡುವವರು, ಇವು ಊರಿನಿಂದಲೇ ಬರಬೇಕಾದವು.

ಇಷ್ಟೆಲ್ಲ ಮಾಡಿದರೂ ಟ್ರಸ್ಟುಗಳು ಮುಗ್ಗರಿಸುವುದು ಒಂದೇ ಜಾಗದಲ್ಲಿ. ಐದು ಮಂದಿ ಗೆಳೆಯರು, ಎಲ್ಲರೂ ಅರವತ್ತೈದು ದಾಟಿದವರು, ಸೇರಿ ಟ್ರಸ್ಟ್ ಮಾಡುತ್ತಾರೆ. ಹದಿನೈದು ವರ್ಷದಲ್ಲಿ ಒಬ್ಬರೋ ಇಬ್ಬರೋ ಉಳಿಯುತ್ತಾರೆ, ಬ್ಯಾಂಕಿನಲ್ಲಿ ಸಹಿ ಹಾಕಲು ಯಾರೂ ಇಲ್ಲದೆ ಖಾತೆ ಸ್ಥಗಿತಗೊಳ್ಳುತ್ತದೆ. ಟ್ರಸ್ಟ್ ಪತ್ರ ಬರೆಸುವಾಗಲೇ ನಲವತ್ತರೊಳಗಿನ ಇಬ್ಬರಾದರೂ ಇರಲಿ, ಅದರಲ್ಲೊಬ್ಬಳು ಊರಿನಲ್ಲೇ ಇರುವ ಹೆಣ್ಣುಮಗಳಾಗಿರಲಿ. ಒಂದು ಸ್ಥಾನ ತೆರವಾದರೆ ಇಷ್ಟು ತಿಂಗಳೊಳಗೆ ತುಂಬಬೇಕೆಂಬ ಸಾಲು ಬೇಕು. ಶಾಲೆಯ ಮುಖ್ಯೋಪಾಧ್ಯಾಯರು ಹುದ್ದೆಯ ನಿಮಿತ್ತ ಸದಸ್ಯರಾದರೆ ವ್ಯಕ್ತಿ ಬದಲಾದರೂ ಕುರ್ಚಿ ಖಾಲಿಯಾಗುವುದಿಲ್ಲ. ಟ್ರಸ್ಟಿಗಳು ದಾರಿ ತಪ್ಪಿದರೆ, ಸಾರ್ವಜನಿಕ ಧರ್ಮಾದಾಯದಲ್ಲಿ ಹಿತಾಸಕ್ತಿಯಿರುವ ಊರಿನ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ದಾವೆ ಹೂಡಬಹುದು. ನ್ಯಾಯಾಲಯ ಟ್ರಸ್ಟಿಗಳನ್ನು ತೆಗೆದು ಹೊಸಬರನ್ನು ನೇಮಿಸಬಹುದು, ಲೆಕ್ಕ ಕೇಳಬಹುದು, ಮೂಲ ಉದ್ದೇಶ ನಡೆಸಲಾಗದಿದ್ದರೆ ಅದಕ್ಕೆ ಹತ್ತಿರದ ಇನ್ನೊಂದು ಉದ್ದೇಶಕ್ಕೆ ಹಣವನ್ನು ತಿರುಗಿಸಬಹುದು. ಅದಕ್ಕೆಲ್ಲ ಆಧಾರವಾಗುವುದು ಮೂಲ ಪತ್ರ. ಅದರ ನಕಲು ಟ್ರಸ್ಟಿನ ಕಪಾಟಿನಲ್ಲೊಂದು, ಶಾಲೆಯಲ್ಲೊಂದು, ಗ್ರಾಮ ಪಂಚಾಯಿತಿಯಲ್ಲೊಂದು ಮತ್ತು ದಾನಿಯ ಮಕ್ಕಳ ಕೈಯಲ್ಲೊಂದು ಇರಬೇಕು.